ಕೇಳದೆ ಸಿಂಪಡಿಸುವ ಸುಗಂಧ

ದೊಡ್ಡ ಮಳಿಗೆಗಳ ಸುಗಂಧದ್ರವ್ಯ ವಿಭಾಗದಲ್ಲಿ ಹಾದುಹೋಗುವ ಗ್ರಾಹಕರ ಮೈಮೇಲೆ ಅನುಮತಿಯಿಲ್ಲದೆ ಸೆಂಟು ಸಿಂಪಡಿಸುವುದನ್ನು ಮಾರಾಟ ಕೌಶಲವೆಂದು ಭಾವಿಸುವ ವರ್ತಕರಿದ್ದಾರೆ. ಲಿನಲೂಲ್, ಲಿಮೊನೀನ್ ಮುಂತಾದ ಘಟಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಅಂತಹ 26 ಘಟಕಗಳು ನಿಗದಿತ ಪ್ರಮಾಣವನ್ನು ಮೀರಿದಲ್ಲಿ ಲೇಬಲ್ಲಿನ ಮೇಲೆ ಹೆಸರಿಸಬೇಕೆಂದು ಐರೋಪ್ಯ ಒಕ್ಕೂಟವು 2003ರಲ್ಲಿಯೇ ವಿಧಿಸಿತು. ಲೇಬಲ್ಲನ್ನು ಓದುವ ಅವಕಾಶವನ್ನೇ ಈ ಸಿಂಪಡಣೆ ಕಸಿಯುತ್ತದೆ. ಆಸ್ತಮಾ ಇರುವವರಿಗಂತೂ ಘಾಟೇ ಸಾಕು.

ರೇಷ್ಮೆ ಸೀರೆಗೆ ಕಲೆಯಾದರೆ ನಷ್ಟ ಯಾರದು? ಕರ್ತವ್ಯದಲ್ಲಿರುವಾಗ ನೌಕರನು ಎಸಗಿದ ತಪ್ಪಿಗೆ ಸಾಮಾನ್ಯವಾಗಿ ಮಾಲೀಕನೇ ಹೊಣೆ. ಮಾರಾಟದ ಗುರಿ ನಿಗದಿಪಡಿಸಿ ಪ್ರೋತ್ಸಾಹಧನ ನೀಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. (ಉಚಿತ ಮಾದರಿಗಳಿಗೆ 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ಇನ್‌ಪುಟ್ ತೆರಿಗೆ ಜಮೆಯೂ ದೊರೆಯದು.) ಕಾಗದದ ಪಟ್ಟಿಗೆ ಸಿಂಪಡಿಸಿ, ಬಯಸಿದವರ ಕೈಗೆ ಕೊಡುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ.