ಬಿರುಕು ಬಿಟ್ಟ ಮುಂಗಾಜು: ಕಂಪನಿಯದೋ, ಹೊರಗಿನದೋ?

ರೈಲ್ವೆ ಕಾರ್ಖಾನೆಗಳ ಊರಾದ ಪೆರಂಬೂರಿನ ಕನ್ನಡಿಗರಿಗೆ ತವರಿನ ದಾರಿಯೆಂದರೆ ಒಂದು ಕಾಲಕ್ಕೆ ಬೆಂಗಳೂರು ಮೇಲ್ ಗಾಡಿ. ಇಂದು ಹಬ್ಬಕ್ಕೋ ಮದುವೆಗೋ ಹೊರಡುವವರಲ್ಲಿ ಅನೇಕರು ಸ್ವಂತ ಕಾರಿನಲ್ಲಿಯೇ ಶ್ರೀಪೆರಂಬುದೂರು, ರಾಣಿಪೇಟೆ, ವೇಲೂರು, ಕೃಷ್ಣಗಿರಿಗಳನ್ನು ದಾಟಿ ಹೊಸೂರನ್ನು ಸೇರುತ್ತಾರೆ. ಮುಂದಿನ ಜಲ್ಲಿ ಲಾರಿಯ ಚಕ್ರದಡಿಯಿಂದ ಕಡಲೆಕಾಳಿನಷ್ಟು ಕಲ್ಲೊಂದು ಸಿಡಿದರೆ ಸಾಕು, ಕಾರಿನ ಮುಂಗಾಜಿನ ಮೇಲೆ ನಕ್ಷತ್ರದಾಕಾರದ ಗುರುತು ಮೂಡುತ್ತದೆ. ಮೇ ತಿಂಗಳ ಮದರಾಸಿನ ಬಿಸಿಲಿನಲ್ಲಿ ಕಾದು ನಿಂತ ಆ ಗಾಜಿಗೆ ಒಳಗಿನಿಂದ ಹವಾನಿಯಂತ್ರಣದ ತಣ್ಣನೆಯ ಗಾಳಿ ತಾಕಿದೊಡನೆ ಬಿರುಕು ಗೆರೆಯಾಗಿ ಹರಿಯುತ್ತದೆ. ಚಾಲಕನ ದೃಷ್ಟಿಯ ನೇರಕ್ಕಿಲ್ಲದ, ನಾಣ್ಯಕ್ಕಿಂತ ಚಿಕ್ಕದಾದ ಪೆಟ್ಟನ್ನು ರಾಳ ತುಂಬಿ ಸರಿಪಡಿಸಲು ಸಾಧ್ಯ. ಬಿರುಕು ಅಂಚಿನವರೆಗೆ ಹರಿದ ಮೇಲೆ ಗಾಜನ್ನು ಬದಲಿಸುವುದೇ ಮಾರ್ಗ. ಆಗ ಏಳುವ ಪ್ರಶ್ನೆ: ಕಂಪನಿ ಗಾಜೋ, ಹೊರಗಿನ ಗಾಜೋ?

ಇದಕ್ಕೆ ಉತ್ತರ ಹುಡುಕುವ ಮುನ್ನ ಮುಂಗಾಜಿನ ರಚನೆಯನ್ನು ತಿಳಿಯುವುದು ಅವಶ್ಯ. ಅದು ಒಂದು ಗಾಜಲ್ಲ, ಎರಡು. ಸುಮಾರು ಎರಡೆರಡು ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಸಾಮಾನ್ಯವಾಗಿ 0.76 ಮಿ.ಮೀ. ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಪದರವನ್ನಿಟ್ಟು ಶಾಖ ಮತ್ತು ಒತ್ತಡಗಳಿಂದ ಬೆಸೆದಿರುತ್ತಾರೆ. ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಇರುತ್ತವೆ, ಕಣ್ಣಿಗೆ ಸಿಡಿಯುವುದಿಲ್ಲ. ಈ ಬಗೆಯ ಗಾಜಿಗೆ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ 1909ರಲ್ಲಿ ಹಕ್ಕುಪತ್ರ ಪಡೆದನು. ಪಕ್ಕದ ಕಿಟಕಿಗಳ ಹದಗೊಳಿಸಿದ ಗಾಜಿನ ರೀತಿಯೇ ಬೇರೆ. ಅದು ಒಡೆದರೆ ಒಮ್ಮೆಗೇ ಸಾವಿರ ಹರಳುಗಳಾಗಿ ಉದುರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂಗಾಜು ಪದರಗಾಜೇ ಆಗಿರಬೇಕೆಂದೂ, ಅದರ ಮೂಲಕ ಕನಿಷ್ಠ ಶೇಕಡಾ 70ರಷ್ಟು ಬೆಳಕು ಹಾಯಬೇಕೆಂದೂ ವಿಧಿಸಿವೆ.

ಅಂಗಡಿಯವರು ‘ಕಂಪನಿ’ ಮತ್ತು ‘ಲೋಕಲ್’ ಎಂದು ಎರಡೇ ಜಾತಿಯನ್ನು ಹೇಳುವುದುಂಟು. ವಾಸ್ತವವಾಗಿ ಮೂರಿವೆ. ಕಾರು ಕಂಪನಿಗಳು ಸಾಮಾನ್ಯವಾಗಿ ಗಾಜನ್ನು ತಾವೇ ತಯಾರಿಸುವುದಿಲ್ಲ; ಅಸಾಹಿ ಇಂಡಿಯಾ, ಸೇಂಟ್ ಗೋಬೇನ್ ಸೆಕ್ಯುರಿಟ್ ಮೊದಲಾದ ಸಂಸ್ಥೆಗಳಿಂದ ಕೊಳ್ಳುತ್ತವೆ. ಕಾರು ಕಂಪನಿಯ ಮುದ್ರೆ ಹೊತ್ತು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ದೊರೆಯುವುದು ಮೊದಲನೆಯದು. ಅಂಥದೇ ತಯಾರಕರು ಕಾರಿನ ಮುದ್ರೆಯಿಲ್ಲದೆ, ತಮ್ಮ ಹೆಸರಿನಲ್ಲಿಯೇ ಹೊರಗೆ ಮಾರುವುದು ಎರಡನೆಯದು. ಮೂರನೆಯದು ಹೆಸರು ಕೇಳರಿಯದ ತಯಾರಕರದು. ಬೆಲೆಯ ಅಂತರ ಕಂಡು ಗ್ರಾಹಕನು ಮೊದಲನೆಯದರಿಂದ ನೇರವಾಗಿ ಮೂರನೆಯದಕ್ಕೆ ಜಾರುವುದೇ ಹೆಚ್ಚು. ಸಾಧಾರಣ ಕಾರಿಗೆ ಎರಡನೆಯದು ಸಾಕು. ಮುದ್ರೆಗಾಗಿ ತೆರುವ ಹೆಚ್ಚಿನ ಹಣದಿಂದ ಸುರಕ್ಷತೆಯೇನೂ ಹೆಚ್ಚುವುದಿಲ್ಲ.

ಗಾಜಿನ ಕೆಳಮೂಲೆಯಲ್ಲಿ ತಯಾರಕರ ಹೆಸರು, ಪದರಗಾಜೆಂಬ ಸೂಚನೆ, ಐ.ಎಸ್. 2553 ಎಂಬ ಸಂಖ್ಯೆಯೊಡನೆ ಐ.ಎಸ್.ಐ. ಚಿಹ್ನೆ ಇವೆಯೇ ಎಂಬುದನ್ನು ಕೂರಿಸುವ ಮೊದಲೇ ನೋಡಬೇಕು. ಜನರಲ್ ಪ್ಯಾಟರ್ಸ್ ರಸ್ತೆಯ ಬಿಡಿಭಾಗದ ಅಂಗಡಿಯಾಗಲಿ, ಪೆರಂಬೂರಿನ ಬೀದಿಯ ಗ್ಯಾರೇಜಾಗಲಿ, ಈ ಅಕ್ಷರಗಳನ್ನು ತೋರಿಸಲು ಹಿಂಜರಿದರೆ ಅಲ್ಲಿಂದ ಹೊರಡುವುದೇ ಲೇಸು. ಇನ್ನೊಂದು ಪರೀಕ್ಷೆ ಕಣ್ಣಿನದು. ಗಾಜಿನ ಮೂಲಕ ದೂರದ ದೀಪದ ಕಂಬವೊಂದನ್ನು ನೋಡುತ್ತ ತಲೆಯನ್ನು ಮೆಲ್ಲನೆ ಆಚೀಚೆ ಆಡಿಸಬೇಕು. ಕಂಬವು ನೀರಿನಲ್ಲಿನ ನೆರಳಿನಂತೆ ಬಳುಕಿದರೆ ಬಾಗಿಸುವಾಗ ಗಾಜು ಹದಗೆಟ್ಟಿದೆಯೆಂದೇ ಅರ್ಥ. ಅಂಥ ಗಾಜಿನ ಹಿಂದೆ ಆರೇಳು ಗಂಟೆ ಕುಳಿತವರಿಗೆ ಕಣ್ಣುರಿ, ತಲೆನೋವು ಬರುವುದು ಸಹಜ. ಅವರು ಕನ್ನಡಕದ ನಂಬರನ್ನು ಶಂಕಿಸುತ್ತಾರೆಯೇ ಹೊರತು ಗಾಜನ್ನಲ್ಲ!

ಗಾಜಿಗಿಂತಲೂ ಮುಖ್ಯವಾದುದು ಅದನ್ನು ಕೂರಿಸುವ ಅಂಟು. ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಗಾಜು ರಬ್ಬರ್ ಬೀಡಿಂಗಿನಲ್ಲಿ ಕೂತಿರುತ್ತಿತ್ತು. ಈಗಿನ ಕಾರುಗಳಲ್ಲಿ ಪಾಲಿಯುರಥೇನ್ ಅಂಟಿನಿಂದ ಚೌಕಟ್ಟಿಗೆ ಬೆಸೆಯುತ್ತಾರೆ. ಕಾರು ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವುದರಲ್ಲಿ ಗಾಜಿಗೂ ಪಾಲಿದೆ. ಅನೇಕ ಕಾರುಗಳಲ್ಲಿ ಎಡಬದಿಯ ಏರ್‌ಬ್ಯಾಗು ಉಬ್ಬುವಾಗ ಮುಂಗಾಜನ್ನೇ ಒರಗಿಕೊಳ್ಳುತ್ತದೆ. ಅಂಟು ಕಳಪೆಯಾದರೆ ಅಸಲಿ ಗಾಜೂ ಕಿತ್ತು ಹೋದೀತು. ಚೌಕಟ್ಟಿನ ತುಕ್ಕನ್ನು ತೆಗೆದು, ಪ್ರೈಮರ್ ಬಳಿದು, ಅಂಟಿನ ಡಬ್ಬಿಯ ಮೇಲೆ ನಮೂದಿಸಿದಷ್ಟು ಹೊತ್ತು ಕಾರನ್ನು ನಿಲ್ಲಿಸಬೇಕು. ಈ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಚೆನ್ನೈನ ಹವೆ ಅದಕ್ಕೆ ಅನುಕೂಲ. ಆದರೆ ಐಪ್ಪಸಿ ಮಳೆಯಲ್ಲಿ ಬಯಲಿನಲ್ಲಿ ನಿಲ್ಲಿಸಿ ಅಂಟಿಸುವುದು ಸಲ್ಲದು.

ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಹೊಸ ಕಾರುಗಳದು ಬೇರೆಯೇ ಲೆಕ್ಕ. ತಾನೇ ಬ್ರೇಕು ಹಾಕುವ ಆ ಯಂತ್ರವು ಗಾಜಿನ ಮೂಲಕವೇ ರಸ್ತೆಯನ್ನು ನೋಡುತ್ತದೆ. ಅಲ್ಲಿ ಕಂಪನಿ ಗಾಜನ್ನೇ ಹಾಕಿಸಿ, ಕ್ಯಾಮೆರಾವನ್ನು ಮತ್ತೆ ಹೊಂದಿಸಿಕೊಳ್ಳುವುದು ಕ್ಷೇಮ.

ಇನ್ನು ಹಣದ ವಿಚಾರ. ಸಮಗ್ರ ವಿಮೆಯ ರೂಢಿಯ ನಿಬಂಧನೆಗಳಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಶೇಕಡಾ 50ರಷ್ಟು ಸವಕಳಿ ಕಳೆಯುತ್ತಾರೆ. ಗಾಜಿಗೆ ಸವಕಳಿಯೇ ಇಲ್ಲ. 1500 ಸಿ.ಸಿ.ವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯ ಕಡಿತವಿದೆ. ಇಷ್ಟು ಕೇಳಿದೊಡನೆ ‘ವಿಮೆಯಿದೆಯಲ್ಲ, ಕಂಪನಿ ಗಾಜೇ ಬರಲಿ’ ಎನ್ನುವವರು ನೋ ಕ್ಲೈಮ್ ಬೋನಸ್ಸನ್ನು ಮರೆಯುತ್ತಾರೆ. ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ, ಬೋನಸ್ಸು ಶೇಕಡಾ 50, ಗಾಜಿನ ಖರ್ಚು 6,000 ಎಂದು ಭಾವಿಸೋಣ. ಕ್ಲೈಮಿನಿಂದ ಕೈಗೆ ಬರುವುದು 5,000. ಮರುವರ್ಷ ಬೋನಸ್ಸು ಸೊನ್ನೆಗಿಳಿದು, ಬಳಿಕ ವರ್ಷಕ್ಕೊಂದು ಮೆಟ್ಟಿಲಾಗಿ 20, 25, 35, 45 ಎಂದು ಏರಿ, ಆರನೆಯ ವರ್ಷಕ್ಕೆ ಮತ್ತೆ 50 ಮುಟ್ಟುತ್ತದೆ. ಆ ಐದು ವರ್ಷಗಳಲ್ಲಿ ಕಳೆದುಕೊಂಡುದನ್ನು ಕೂಡಿದರೆ ಶೇಕಡಾ 125, ಅಂದರೆ 10,000 ರೂಪಾಯಿ. ಕಾರು ಹಳತಾದಂತೆ ಪ್ರೀಮಿಯಂ ತಗ್ಗುವುದರಿಂದ ನಷ್ಟ ಕೊಂಚ ಕಡಿಮೆಯಾದೀತು. ಆದರೂ ಲಾಭಕ್ಕೆ ತಿರುಗುವುದು ಕಷ್ಟ. ಬೋನಸ್ ರಕ್ಷಣೆಯ ಹೆಚ್ಚುವರಿ ಷರತ್ತನ್ನು ಕೊಂಡವರಿಗೂ, 25–30 ಸಾವಿರ ಬೆಲೆಯ ಕ್ಯಾಮೆರಾ ಗಾಜಿನವರಿಗೂ ಈ ಲೆಕ್ಕ ಅನ್ವಯಿಸದು. ಅವರು ಕ್ಲೈಮ್ ಮಾಡುವುದೇ ಸರಿ. ಹಾಗೆ ಮಾಡುವವರು ಒಡೆದ ಗಾಜನ್ನು ತೆಗೆಸುವ ಮೊದಲೇ ವಿಮಾ ಸಂಸ್ಥೆಗೆ ತಿಳಿಸಿ, ಛಾಯಾಚಿತ್ರಗಳನ್ನು ತೆಗೆದಿರಿಸಿಕೊಳ್ಳಬೇಕು. ಕೈಯಿಂದ ಹಣ ಕೊಡುವವರು ಬಿಲ್ಲಿನಲ್ಲಿ ತಯಾರಕರ ಹೆಸರನ್ನೂ, ಗಾಜು ಮತ್ತು ಅಂಟುಗಳ ಬೆಲೆಯನ್ನು ಬೇರೆ ಬೇರೆಯಾಗಿಯೂ ಬರೆಯಿಸಿಕೊಳ್ಳತಕ್ಕದ್ದು. ಮೊದಲ ಮಳೆಗೆ ಅಂಚಿನಿಂದ ನೀರು ಜಿನುಗಿದರೆ ಆ ಚೀಟಿಯೇ ಆಧಾರ.