ಜಾವಾ ಎಂಜಿನ್ನಿಗೆ ಹೊಸ ಕಾರ್ಬುರೇಟರ್ ಕೂಡಿಸುವ ಮುನ್ನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಜಾವಾ, ಯೆಜ್ಡಿ ಬೈಕುಗಳನ್ನು ಜೋಪಾನ ಮಾಡಿದವರು ಮಾತ್ರ ಇಂದಿಗೂ ಇದ್ದಾರೆ. ಅವರಲ್ಲಿ ಹಲವರು ಜಿಕೋವ್ ಕಾರ್ಬುರೇಟರ್ ಕಳಚಿ ಹೊಸದನ್ನು ಕೂಡಿಸುತ್ತಾರೆ, ಬೇರಿಂಗಿನ ಮಾತು ಬೇರೆ ಎಂದುಕೊಳ್ಳುತ್ತಾರೆ. ತಪ್ಪಾಗುವುದು ಇಲ್ಲೇ. ಈ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬೇರಿಂಗಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ. ಕಾರ್ಬುರೇಟರಿನ ಜೆಟ್ ಸಣ್ಣದಾದರೆ ಎಂಜಿನ್ ಕಾಯುತ್ತದೆ, ಬೇರಿಂಗಿಗೆ ತಲುಪುವ ಆಯಿಲೂ ಕಡಿಮೆಯಾಗುತ್ತದೆ. ಹೊಸ ಬೇರಿಂಗನ್ನು ಸಿ3 ಸಡಿಲಿನದೇ ಹಾಕಿದರೂ ಈ ಕೊರತೆ ತುಂಬುವುದಿಲ್ಲ. ಆ ಸಡಿಲು ಕಾವಿನ ಹಿಗ್ಗುವಿಕೆಗೆ ಮಾತ್ರ.

ಹೊಸ ಕಾರ್ಬುರೇಟರಿನಿಂದ ಗಾಡಿ ಒಂದೇ ಕಿಕ್ಕಿಗೆ ಚಾಲೂ ಆಗುತ್ತದೆ, ಈಗಿನ ಆಯಿಲ್ ಉತ್ತಮವಾದ್ದರಿಂದ ಕಡಿಮೆ ಸಾಕು ಎಂಬ ವಾದವಿದೆ. ಎರಡೂ ನಿಜ. ಆದರೆ ಈಗ ಪೆಟ್ರೋಲೇ ಬೇರೆಯಾಗಿದೆ. ಸೊಲ್ಲಾಪುರದ ಕಬ್ಬಿನ ಸೀಮೆಯಿಂದಲೂ ಎಥೆನಾಲ್ ಬಂಕಿಗೆ ಬರುತ್ತದೆ. ಪೆಟ್ರೋಲಿಗೆ ಬೆರೆಸುವ ಶೇ. 20 ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎಥೆನಾಲ್ ತೇವವನ್ನೂ ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯ ಬೇರಿಂಗಿಗೆ ತುಕ್ಕು ತಗಲಬಹುದು. ಆದ್ದರಿಂದ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಓಡಿಸಿ, ಪ್ಲಗ್ಗಿನ ಬಣ್ಣ ನೋಡಿ. ಬೆಳ್ಳಗಿದ್ದರೆ ಇನ್ನೂ ದೊಡ್ಡದು ಬೇಕು, ಕಂದು ಬಣ್ಣವಾದರೆ ಸಾಕು. ಕಳಚಿದ ಜಿಕೋವನ್ನು ಮಾತ್ರ ಗುಜರಿಗೆ ಹಾಕಬೇಡಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ಇಡಿ.