ಲೆಕ್ಕ ಕಲಿತ ಹೆಂಗಸರ ಬ್ಯಾಂಕ್

ಬೀಡಿ ಕಟ್ಟಿ ಸಂಸಾರ ನಡೆಸುವ ನಮ್ಮ ಎಷ್ಟೋ ಉಮ್ಮಂದಿರು ಸಂಘದ ಸಾಲದ ಕಾಗದಕ್ಕೆ ಓದದೆಯೇ ಸಹಿ ಹಾಕುತ್ತಾರೆ. ಕಂತು ಗೊತ್ತು, ಬಡ್ಡಿ ಎಷ್ಟೆಂದು ಗೊತ್ತಿಲ್ಲ.

ಮಹಾರಾಷ್ಟ್ರದ ಸಾತಾರ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಹಳ್ಳಿಯ ಮಹಿಳೆಯರ ಜೊತೆ ಸೇರಿ ಬ್ಯಾಂಕ್ ತೆರೆಯಲು ಹೊರಟಾಗ ರಿಸರ್ವ್ ಬ್ಯಾಂಕ್ ಮೊದಲು ಒಪ್ಪಲಿಲ್ಲ. ಆ ಹೆಂಗಸರಿಗೆ ಓದುಬರಹ ಬಾರದು ಎಂಬುದೇ ಕಾರಣ. ಅವರು ಸುಮ್ಮನಿರಲಿಲ್ಲ. ಅಕ್ಷರ ಕಲಿತು ಮತ್ತೆ ಹೋದರು. ಬೇಕಾದರೆ ಬಡ್ಡಿ ಲೆಕ್ಕ ಕೇಳಿ, ಕ್ಯಾಲ್ಕುಲೇಟರ್ ಇಲ್ಲದೆಯೇ ಹೇಳುತ್ತೇವೆ ಎಂದು ಅಧಿಕಾರಿಗಳಿಗೇ ಸವಾಲು ಹಾಕಿದರು. 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕ್ ಶುರುವಾಯಿತು.

ಬಡ್ಡಿ ನಮಗೆ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಕಲಿಯುವುದು ಹರಾಮ್ ಅಲ್ಲವಲ್ಲ? ಕುರ್‌ಆನಿನ ಅತಿ ಉದ್ದದ ಆಯತ್, ಅಲ್ ಬಕರದ 282, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಜಮಾಅತ್‌ಗಳು ಬಡ್ಡಿಯಿಲ್ಲದ ಸಾಲದ ನಿಧಿ ಕಟ್ಟಲಿ. ಅದರ ಲೆಕ್ಕದ ಪುಸ್ತಕ ಹೆಂಗಸರ ಕೈಯಲ್ಲೇ ಇರಲಿ.